ಸ್ವಿಚ್ಚಿನ ಮೇಲಿನ ಟವೆಲ್ಲು

ನೆನೆದ ಮೊಟ್ಟೆ ಟ್ರೇಯ ವಾಸನೆ ಬಂದರೆ ಇಂದಿಗೂ ನನ್ನ ಅಂಗೈ ಬೆವರುತ್ತದೆ.

ತಿಕೋಟಾ ರಸ್ತೆಯ ಒಂದು ಶೆಡ್ಡಿನಲ್ಲಿ ಅಪ್ಪ ಮೊಟ್ಟೆ ಟ್ರೇ ಮಾಡುವ ಕೆಲಸಕ್ಕಿದ್ದ. ಹಳೆಯ ಪೇಪರು, ರಟ್ಟುಗಳನ್ನು ಆಳವಾದ ತೊಟ್ಟಿಯ ನೀರಿಗೆ ಸುರಿದರೆ, ತಳದ ಬ್ಲೇಡು ತಿರುಗಿ ಎಲ್ಲವನ್ನೂ ಅಂಬಲಿಯಂತೆ ಅರೆಯುತ್ತಿತ್ತು. ರದ್ದಿಯ ಜೊತೆ ಬಂದ ಸುತಳಿ ಬ್ಲೇಡಿಗೆ ಸುತ್ತಿಕೊಂಡರೆ ನೀರು ಖಾಲಿ ಮಾಡಿ, ಒಬ್ಬರು ಒಳಗಿಳಿದು ಕತ್ತರಿಸಬೇಕಿತ್ತು. ಇಳಿಯುವವರು ತಮ್ಮ ಟವೆಲ್ಲನ್ನು ಸ್ವಿಚ್ಚಿನ ಮೇಲೆ ಹಾಕುತ್ತಿದ್ದರು. ಅದು ಅಲ್ಲಿರುವತನಕ ಯಾರೂ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ನನಗೂ ಅದು ಗೊತ್ತಿತ್ತು.

ಆ ಶನಿವಾರ ಮಧ್ಯಾಹ್ನ ಬುತ್ತಿ ತಂದಾಗ ಅಪ್ಪ ಕಾಣಲಿಲ್ಲ. ಹಸಿ ಟ್ರೇಗಳನ್ನು ಒತ್ತಿ ನೋಡುತ್ತ ಕೈಯೆಲ್ಲ ರಾಡಿ ಮಾಡಿಕೊಂಡೆ. ಎದುರಿಗೇ ಅಪ್ಪನ ಟವೆಲ್ಲಿತ್ತು. ಅದು ಯಾವುದರ ಮೇಲಿದೆ ಎಂದು ಯೋಚಿಸದೆ ಎಳೆದು ಕೈ ಒರೆಸಿಕೊಂಡು, ಅವನ ಹಾಗೆಯೇ ಹೆಗಲಿಗೆ ಹಾಕಿಕೊಂಡೆ.

ಅಪ್ಪನ ಜೊತೆ ದುಡಿಯುವ ಶಾಂತವ್ವ ಊಟ ಮುಗಿಸಿ ಬಂದಳು. ಖಾಲಿ ಸ್ವಿಚ್ಚು ನೋಡಿ, "ನಿಮ್ಮಪ್ಪ ಮ್ಯಾಲ ಬಂದಾನಲ್ಲ. ಬೀಡಿ ಸೇದಾಕ ಹೋಗ್ಯಾನ ನೋಡ ಸಾಹೇಬ!" ಎಂದು ನಗುತ್ತ ಸ್ವಿಚ್ಚು ಹಾಕಲು ಕೈ ಚಾಚಿದಳು. ಆಗ ನನ್ನ ಹೆಗಲು ಅವಳ ಕಣ್ಣಿಗೆ ಬಿತ್ತು. ಕೈ ಅಲ್ಲೇ ನಿಂತಿತು.

"ಯವ್ವಾ... ಆ ಟವೆಲ್ ಎಲ್ಲಿಂದ ತಗೊಂಡಿ ಬೇ?"

ತೊಟ್ಟಿಯೊಳಗಿಂದ ಅಪ್ಪನ ಕೆಮ್ಮು ಕೇಳಿತು.

ಅವಳು ಟವೆಲ್ಲು ಕಿತ್ತುಕೊಂಡು ಮೊದಲಿನ ಜಾಗಕ್ಕೆ ಹಾಕಿದಳು. ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಅಪ್ಪ ಮೇಲೆ ಹತ್ತಿ ಬಂದ.

"ಇದಕ್ಕ ರಾಡಿ ಹೆಂಗ ಹತ್ತೇತಿ?"

"ನಾನ ಕೈ ಒರಸೀನಿ, ಬೈಬ್ಯಾಡೋ ಅಣ್ಣಾ."

"ನಿನಗ ಸೆರಗ ಇರಲಿಲ್ಲೇನ ಬೇ?" ಎಂದು ಅಪ್ಪ ನಕ್ಕು, ಬುತ್ತಿ ಬಿಚ್ಚಿದ.

ಶಾಂತವ್ವ ನಗಲಿಲ್ಲ. ಸ್ವಿಚ್ಚಿಗೆ ಚಾಚಿದ್ದ ಬಲಗೈಯನ್ನು ಅವಳು ಆ ಸೆರಗಿಗೆ ಮತ್ತೆ ಮತ್ತೆ ಒರೆಸುತ್ತಿದ್ದುದನ್ನು ನಾನೊಬ್ಬಳೇ ನೋಡಿದೆ.