ಕೊಸರು

ಶೇಂಗಾ ಹಿಂಡಿಯ ಪ್ಯಾಕೆಟ್ ಹದಿನಾಲ್ಕು ಇರಬೇಕಿತ್ತು. ರೇಣು ಮೂರನೇ ಸಲ ಎಣಿಸಿದಳು. ಹದಿಮೂರೇ ಇದ್ದವು.

ಅವಳು ಮತ್ತೆ ನೋಟ್‌ಬುಕ್ ತೆರೆದಳು. ಉಮಾಶ್ರೀ ರಾಮದುರ್ಗದ ತನ್ನ ಮನೆಯಲ್ಲಿ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿಸಿ ಮಾರುತ್ತಿದ್ದುದು ಮೂರು ಕಡೆ: ಎರಡು ಆ್ಯಪ್, ಒಂದು ವಾಟ್ಸ್‌ಆ್ಯಪ್ ಗ್ರೂಪ್. ಮೂರೂ ಕಡೆ ನಿನ್ನೆ ಹೋದದ್ದನ್ನು ಕೂಡಿಸಿ, ಕಪಾಟಿನಲ್ಲಿ ಉಳಿದದ್ದರ ಜೊತೆ ತಾಳೆ ನೋಡಿ, ಆ್ಯಪ್‌ಗಳಲ್ಲಿ ಹೊಸ ಅಂಕಿ ಹಾಕುವುದು ರೇಣುವಿನ ಕೆಲಸ. ಏಳನೇ ತರಗತಿಗೆ ಶಾಲೆ ಬಿಟ್ಟವಳಾದರೂ ಈವರೆಗೆ ಒಂದು ಪ್ಯಾಕೆಟ್ ತಪ್ಪಿರಲಿಲ್ಲ. ಇವತ್ತೂ ಗುರೆಳ್ಳು ಸರಿ, ಪುಟಾಣಿ ಸರಿ, ಅಗಸಿ ಸರಿ. ಶೇಂಗಾ ಮಾತ್ರ ಒಂದು ಕಡಿಮೆ.

ಬೇರೆ ದಿನವಾಗಿದ್ದರೆ ಅವಳು ಮೂರು ಸಲ ಎಣಿಸುತ್ತಿರಲಿಲ್ಲ. ನಿನ್ನೆ ಕಳಿಸಿದ ಒಂಬತ್ತು ಪಾರ್ಸಲ್‌ಗಳಲ್ಲಿ ಧಾರವಾಡದ್ದೊಂದಿತ್ತು. ಅಗಸಿ ಹಿಂಡಿ, ಎರಡು ಪ್ಯಾಕೆಟ್. ಆರ್ಡರಿನ ಕೆಳಗೆ ಬರೆದಿತ್ತು: 'ಮಗನಿಗೆ ಶೇಂಗಾ ಆಗುವುದಿಲ್ಲ. ಒಂದು ಕಾಳು ಹೊಟ್ಟೆಗೆ ಹೋದರೂ ಉಸಿರು ಕಟ್ಟುತ್ತದೆ. ದಯವಿಟ್ಟು ಚೂರೂ ತಾಗದಂತೆ ನೋಡಿ.' ರೇಣು ಮಿಕ್ಸರ್ ಜಾರನ್ನು ಎರಡು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಆಮೇಲೆ ಅಗಸಿ ಹಾಕಿದ್ದಳು.

"ಅಕ್ಕಾರ, ಶೇಂಗಾ ಒಂದು ಲೆಕ್ಕಕ್ಕ ಬರವಲ್ದುರಿ."

ಉಮಾಶ್ರೀ ಮೊಬೈಲಿನಿಂದ ತಲೆ ಎತ್ತಲಿಲ್ಲ. "ರೊಟ್ಟಿಗೆ ಹಚ್ಚಿಕೊಂಡು ನೀನ ತಿಂದಿರಬೇಕು. ನೆನಪ ಮಾಡ್ಕೊ."

"ಇಲ್ರಿ. ನಿನ್ನೆ ಆ ಧಾರವಾಡದ್ದು..."

ಉಮಾಶ್ರೀ ನೆಟ್ಟಗೆ ಕುಳಿತಳು. "ಏನ? ಅಗಸಿ ಬದಲಿ ಶೇಂಗಾ ಹಾಕೀ ಏನ?"

"ಬದಲಿ ಹಾಕಿದ್ರ ಅಗಸಿ ಒಂದು ಹೆಚ್ಚಿಗಿ ಉಳೀಬೇಕಿತ್ರಿ. ಅಗಸಿ ಸರಿ ಐತಿ. ಯಾವುದೂ ಅದಲಬದಲ ಆಗಿಲ್ರಿ. ಶೇಂಗಾ ಬ್ಯಾರೇನ ಹೋಗೇತಿ."

ಇಷ್ಟು ಮಾತನ್ನು ರೇಣು ಒಟ್ಟಿಗೆ ಆಡಿದ್ದು ಆ ಮನೆಯಲ್ಲಿ ಅದೇ ಮೊದಲು. ಇಬ್ಬರೂ ಅಡುಗೆಮನೆಗೆ ಹೋದರು. ಉಮಾಶ್ರೀಯ ಅತ್ತೆ ರಾಯವ್ವ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದಳು.

"ಅತ್ತಿ, ಶೇಂಗಾ ಹಿಂಡಿ ಪ್ಯಾಕೆಟ್ ಏನರ ತಗೊಂಡ್ರೇನ್ರಿ?"

"ತಗೊಂಡೆ. ಯಾಕ, ಅದನ್ನೂ ಆ ಫೋನಿಗೆ ಹೇಳಬೇಕೇನು?" ಮುದುಕಿ ನಕ್ಕಳು. "ಕಾಟಾದಾಗ ತೂಗಿ ಮಾರತೀರಿ, ಮ್ಯಾಲ ಒಂದು ಚಮಚಾ ಕೊಸರು ಹಾಕಂಗಿಲ್ಲ. ಸಂತ್ಯಾಗ ನಾ ಹಿಂಗ ಮಾಡಿದ್ರ ಮಂದಿ ಮಾರಿ ಮ್ಯಾಲ ಉಗಳತಿದ್ರು. ಈಕಿ ಟೇಪ್ ತರಾಕ ಹೋದಾಗ ಆ ಪ್ಯಾಕೆಟ್ ಒಡದು ಒಂಬತ್ತೂ ಡಬ್ಬಿಗೆ ಒಂದೊಂದು ಪೊಟ್ಣ ಕಟ್ಟಿ ಇಟ್ಟೆ. 'ಧಾರವಾಡದ್ದು ಚಂದಂಗೆ ಕಟ್ಟು, ಮನ್ಯಾಗ ಸಣ್ಣ ಹುಡುಗ ಅದಾನ' ಅಂತ ನೀನ ಅನ್ನಾಕ ಹತ್ತಿದ್ದಿ. ಅದಕ್ಕ ಮತ್ತೊಂದೀಟು ಹೆಚ್ಚಿಗಿ ಹಾಕೇನಿ."

ಇಬ್ಬರೂ ಹೊರಗಿನ ಕೋಣೆಗೆ ಧಾವಿಸಿದರು. ಉಮಾಶ್ರೀ ಆ್ಯಪ್ ತೆರೆದಳು. ಧಾರವಾಡದ ಪಾರ್ಸಲ್ ಮೂರು ಹತ್ತಕ್ಕೆ ತಲುಪಿತ್ತು. ಈಗ ನಾಲ್ಕು. ಹೆಸರಿತ್ತು, ವಿಳಾಸವಿತ್ತು. ಗಿರಾಕಿಯ ನಂಬರನ್ನು ಆ್ಯಪ್ ತೋರಿಸುತ್ತಿರಲಿಲ್ಲ.

"ಪೊಟ್ಣ ಬ್ಯಾರೆ ಐತಲ್ಲ," ಉಮಾಶ್ರೀ ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು. "ವಾಸನಿ ಹಿಡದ್ರ ತಿಳೀತೈತಿ. ಇಷ್ಟು ಹುಷಾರ ಇರೋ ಮಂದಿ ತಿನಿಸಂಗಿಲ್ಲ. ನಾವಾಗೇ ಹೋಗಿ ಹೇಳಿದ್ರ ಎಲ್ಲಾ ಕಡೆ ಬರದು ಹಾಕತಾರ. ಮನಿ ಬಾಗಿಲಾ ಮುಚ್ಚಿದಂಗ. ಸುಮ್ನಿರು. ಹೆಂಗೂ ನಂಬರ್ ಇಲ್ಲ."

ರೇಣು ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ತಿರುವಿದಳು. ಶ್ರೀದೇವಿ ಹೂಲಿ, ಧಾರವಾಡ. ಆ ಹೆಸರನ್ನು ಮೊದಲೊಮ್ಮೆ ಬರೆದ ನೆನಪು ಅವಳ ಬೆರಳಿಗಿತ್ತು. ಎರಡು ತಿಂಗಳ ಹಿಂದಿನ ವಾಟ್ಸ್‌ಆ್ಯಪ್ ಪಟ್ಟಿಯಲ್ಲಿ ಸಿಕ್ಕಿತು: ಪುಟಾಣಿ ಹಿಂಡಿ ಒಂದು, ಪಕ್ಕದಲ್ಲಿ ಹತ್ತು ಅಂಕಿ. ಗುರುತಿಲ್ಲದ ಕರೆ ಬಂದರೆ ಫೋನನ್ನು ಬೇರೆಯವರ ಕೈಗೆ ಕೊಡುವ ಹುಡುಗಿ ಅವಳು. ಉಮಾಶ್ರೀ "ಏ, ಏ" ಅನ್ನುವಷ್ಟರಲ್ಲಿ ನಂಬರ್ ಒತ್ತಿದ್ದಳು.

"ನಾವು ರಾಮದುರ್ಗದ ಹಿಂಡಿಯವರ್ರಿ. ಪಾರ್ಸಲ್ ಬಂತೇನ್ರಿ?"

"ಬಂದಿರಬೇಕು. ನಾ ಇನ್ನೂ ಆಫೀಸ್ನ್ಯಾಗ ಅದೇನಿ, ನಮ್ಮ ಅತ್ತಿ ತಗೊಂಡಿರತಾರ." ಆ ಹೆಣ್ಣು ದನಿಯಲ್ಲಿ ನಗು ಇತ್ತು. "ಭಾಳ ಉಪಕಾರ ಆತ ನೋಡವಾ ತಂಗಿ. ಮಗಗ ಹೊರಗಿಂದು ಏನೂ ಕೊಡಂಗಿಲ್ಲ ನಾವು. ನಿಮಗ ಎಲ್ಲಾ ಬರದು ಹೇಳೇನಲ್ಲ, ಈ ಡಬ್ಬಿಯೊಳಗಿಂದು ಏನಿದ್ರೂ ಅಂಜದ ಕೊಡ್ರಿ ಅಂತ ಅತ್ತಿಗೆ ಹೇಳಿ ಬಂದೇನಿ. ಸಾಲಿಂದ ಬಂದ ಕೂಡಲೇ ರೊಟ್ಟಿ ಕೇಳತಾನವ."

ರೇಣು ಫೋನನ್ನು ಬಾಯಿಗೆ ಹತ್ತಿರ ಹಿಡಿದಳು.

"ಅಕ್ಕಾರ, ಅದರಾಗ ಒಂದು ಕಾಗದದ ಪೊಟ್ಣ ಐತ್ರಿ. ಅದು ಶೇಂಗಾ. ಗೊತ್ತಾಗಲಾರದ ಬಂದೈತಿ. ಕೊಡಬ್ಯಾಡ ಅನ್ರಿ. ಈಗಿಂದೀಗ ಮನಿಗೆ ಫೋನ್ ಹಚ್ರಿ."

ಆ ಕಡೆ ಕುರ್ಚಿ ಸರಿದ ಸದ್ದು. ಕರೆ ಕಡಿಯಿತು.

ಆಮೇಲೆ ಎಷ್ಟು ಸಲ ಹಚ್ಚಿದರೂ ಆ ನಂಬರ್ ಬಿಡುವಾಗಲಿಲ್ಲ. ನಾಲ್ಕೂಕಾಲಾಯಿತು. ಉಮಾಶ್ರೀ ಬೈಯಲಿಲ್ಲ, ಶೇಂಗಾ ಚೀಲದ ಮೇಲೆ ಕುಳಿತಳು. ಫೋನು ಒಮ್ಮೆ ಟಿಣ್ ಎಂದಾಗ ಇಬ್ಬರೂ ಬೆಚ್ಚಿದರು. ಹೊಸ ಆರ್ಡರ್. ಇಬ್ಬರೂ ಅದನ್ನು ಮುಟ್ಟಲಿಲ್ಲ.

ರಾಯವ್ವ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಫೋನು ಧಾರವಾಡದವರದೇನ? ಏನಂದ್ರು, ಹುಡುಗಗ ಸೇರಿತಂತ?"