ಗದ್ದ ಎದೆಗೆ ತಾಗಬೇಕು

ಬೋಜಪ್ಪನವರ ಬಾಯಿಗೆ ಹೋದ ಕಾಫಿ ತಿರುಗಿ ಬಂದು ಬೆಳ್ಯಪ್ಪನವರ ಹೊಸ ಟೆರಿಲಿನ್ ಅಂಗಿಯ ಮೇಲೆ ಬಿತ್ತು. ಮಗನಿಗೆ ಹೆಣ್ಣು ನೋಡಲು ಕಡಬದಿಂದ ಸುಳ್ಯಕ್ಕೆ ಬಂದಿದ್ದ ಬೆಳ್ಯಪ್ಪನವರು "ಹುಡುಗಿ ನಮಗೆ ಒಪ್ಪಿಗೆ" ಎನ್ನಲು ಆಗಷ್ಟೇ ಬಾಯಿ ತೆರೆದಿದ್ದರು. ತೆರೆದ ಬಾಯಿಗೂ ನಾಲ್ಕು ಹನಿ ಹೋಯಿತು. ಟೆರಿಲಿನ್ ಕಾಫಿಯನ್ನು ಹೀರುವ ಬಟ್ಟೆಯಲ್ಲ. ಅದು ಗುಂಡಿಯಿಂದ ಗುಂಡಿಗೆ ಇಳಿದು ಪಂಚೆಯ ಮೇಲೆ ನಿಂತಿತು.

ಕೆಮ್ಮು ನಿಂತ ಮೇಲೆ ಬೋಜಪ್ಪನವರು ಕಣ್ಣೊರೆಸಿಕೊಂಡರು. "ಕಾಫಿ ಬಿಸಿ ಜಾಸ್ತಿ ಆಗಿದೆ" ಎಂದು ಹೆಂಡತಿ ದುಗ್ಗಮ್ಮನ ಕಡೆ ನೋಡಿದರು. ಅಷ್ಟೇ. ಬೆಳ್ಯಪ್ಪನವರು ಎದ್ದು ಹೋದರು. ಮೂರನೆಯ ದಿನ ಅವರಿಂದ ಮಾತು ಬಂತು: "ಅಂಗಿ ಹೋದರೆ ಹೋಗಲಿ. ತಪ್ಪಾಯಿತು ಅಂತ ಒಂದು ಮಾತು ಹೇಳದ ಮನುಷ್ಯನ ಹತ್ತಿರ ಸಂಬಂಧ ಮಾಡುದು ಹೇಗೆ?" ಬೋಜಪ್ಪನವರ ಮಗಳು ಲೋಲಾಕ್ಷಿ ಅಂದು ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ಮತ್ತೆ, ಊರಿಗೆಲ್ಲ ಕೇಳುವಂತೆ ತೊಳೆದಳು. ಅವಳಿಗೆ ಹುಡುಗ ಹಿಡಿಸಿದ್ದ.

ತಪ್ಪು ಕಾಫಿಯದ್ದಲ್ಲವೆಂದು ದುಗ್ಗಮ್ಮನಿಗೆ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಬೋಜಪ್ಪನವರಿಗೆ ಸಣ್ಣದಾಗಿ ಪಾರ್ಶ್ವವಾಯು ಬಡಿದಿತ್ತು. ಕೈಕಾಲು ಸರಿಹೋಯಿತು, ಮಾತೂ ಬಂತು. ಆದರೆ ನೀರು, ಮಜ್ಜಿಗೆ, ಯಾವುದನ್ನು ಕುಡಿದರೂ ನೆತ್ತಿಗೆ ಹತ್ತುತ್ತಿತ್ತು. "ಗಟ್ಟಿ ತಿನ್ನಬೇಡಿ, ಗಂಜಿತಿಳಿ ಕುಡಿಯಿರಿ" ಎಂದು ನೋಡಲು ಬಂದವರೆಲ್ಲ ಹೇಳಿದ್ದರಿಂದ ಅವರು ಗಂಜಿತಿಳಿಯನ್ನೇ ಕುಡಿದು, ಕೆಮ್ಮಿ ಕೆಮ್ಮಿ ಅರ್ಧವಾಗಿದ್ದರು. ಪಕ್ಕದ ಮನೆಯ ಪೂವಮ್ಮ ನೆತ್ತಿ ತಟ್ಟಿ ಉಪಕಾರ ಮಾಡಲು ಹೋಗಿ, ತಟ್ಟಿದ ರಭಸಕ್ಕೆ ಅವರ ಒಂದು ಹಲ್ಲೂ ಅಲುಗಾಡತೊಡಗಿತ್ತು.

ದುಗ್ಗಮ್ಮ ಗಂಡನನ್ನು ಬಸ್ಸು ಹತ್ತಿಸಿ ಪುತ್ತೂರಿನ ಮಹಾಬಲ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಗಂಟಲು ನೋಡಿ, "ಮನೆಯಲ್ಲಿ ಹೇಗೆ ಕುಡಿತೀರೋ ಹಾಗೇ ಕುಡಿಯಿರಿ" ಎಂದು ಒಂದು ಲೋಟ ನೀರು ಕೊಟ್ಟರು. ಬೋಜಪ್ಪನವರು ತಲೆಯನ್ನು ಹಿಂದಕ್ಕೆ ಚೆಲ್ಲಿ, ಲೋಟವನ್ನು ಒಂದು ಮೊಳ ಎತ್ತರದಲ್ಲಿ ಹಿಡಿದು, ತುಟಿಗೆ ತಾಗಿಸದೆ ಸುರಿದುಕೊಂಡರು. ಮರುಕ್ಷಣ ಡಾಕ್ಟರು ತಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಗೊತ್ತಾಯ್ತು," ಎಂದರು ಡಾಕ್ಟರು. "ಗಂಟಲಲ್ಲಿ ಎರಡು ದಾರಿ ಉಂಟು. ಒಂದು ಅನ್ನದ್ದು, ಒಂದು ಉಸಿರಿನದ್ದು. ನುಂಗುವಾಗ ಉಸಿರಿನ ದಾರಿಗೆ ಬಾಗಿಲು ಬೀಳಬೇಕು. ನಿಮಗೆ ಈಗ ಆ ಬಾಗಿಲು ಬೀಳುದು ಸ್ವಲ್ಪ ತಡ. ನೀರು ಅಷ್ಟರಲ್ಲಿ ಓಡಿ ಒಳಗೆ ಹೋಗ್ತದೆ. ನೀವು ಮೇಲಿಂದ ಬೇರೆ ಸುರಿತೀರಿ! ಇನ್ನು ಗಂಜಿತಿಳಿ ಬೇಡ, ರಾಗಿ ಹಿಟ್ಟು ಕಾಯಿಸಿ ಮಂದ ಮಣ್ಣಿ ಮಾಡಿಸಿ ತಿನ್ನಿ, ಅದು ನಿಧಾನ ಇಳಿತದೆ. ನೀರಾದರೆ ಲೋಟ ತುಟಿಗಿಟ್ಟು ಒಂದೊಂದೇ ಗುಟುಕು. ನುಂಗುವಾಗ ತಲೆ ತಗ್ಗಿಸಿ. ಗದ್ದ ಎದೆಗೆ ತಾಗಬೇಕು. ಬಾಯಲ್ಲಿ ಇರುವಾಗ ಮಾತಿಲ್ಲ."

"ಕಚ್ಚಿ ಕುಡಿಯುದಾ? ಎಂಜಲು ಮಾಡಿ?"

"ಲೋಟ ಎಂಜಲಾದರೆ ತೊಳಿಬಹುದು ಮಾರಾಯ್ರೆ. ಶ್ವಾಸಕೋಶ ತೊಳಿಲಿಕ್ಕೆ ಆಗುದಿಲ್ಲ."

ಹದಿನೈದು ದಿನ ದುಗ್ಗಮ್ಮ ಊಟದ ಹೊತ್ತಿಗೆ ಗಂಡನ ಎದುರೇ ಕುಳಿತರು. ಅವರು "ಗದ್ದ!" ಎಂದಾಗ ಬೋಜಪ್ಪನವರು ತಲೆ ತಗ್ಗಿಸಬೇಕು, ನುಂಗಬೇಕು. "ನಿನಗೆ ಇದು ಭಾರೀ ಖುಷಿ ಉಂಟಲ್ಲ?" ಎಂದು ಅವರು ಒಮ್ಮೆ ರೇಗಿದರು. "ಮಾತಾಡಬೇಡಿ, ಬಾಯಲ್ಲಿ ಮಣ್ಣಿ ಉಂಟು" ಎಂದರು ದುಗ್ಗಮ್ಮ. ಕೆಮ್ಮು ನಿಂತಿತು. ಕೆನ್ನೆ ಸ್ವಲ್ಪ ತುಂಬಿತು. ಆಗ ದುಗ್ಗಮ್ಮ, "ಇನ್ನು ಕಡಬಕ್ಕೆ ಹೋಗುವ" ಎಂದರು.

"ಹೋಗಿ ಎಂತ ಹೇಳುದು?"

"ತಪ್ಪಾಯಿತು ಅಂತ ಹೇಳುದು."

"ಬರ್ತೇನೆ. ಆದರೆ ಆ ಮಾತು ನನ್ನ ಗಂಟಲಿಂದ ಹೊರಡುದಿಲ್ಲ."

ಕಡಬದ ಮನೆಯಲ್ಲಿ ಬೆಳ್ಯಪ್ಪನವರು ಚಾವಡಿಯ ಆ ತುದಿಯಲ್ಲಿ, ಹಳೆಯ ಬನಿಯನು ಹಾಕಿ, ಎದೆಗೆ ಮೈ ಒರೆಸುವ ಬೈರಾಸು ಹೊದ್ದು ಕುಳಿತಿದ್ದರು. ಅತಿಥಿಗಳಿಗೆ ವಾಡಿಕೆಯಂತೆ ಬೆಲ್ಲ, ನೀರು ಬಂತು. ಬೋಜಪ್ಪನವರು ಲೋಟ ಎತ್ತಿದ ಕೂಡಲೇ ಬೆಳ್ಯಪ್ಪನವರ ಬೈರಾಸು ಮೂಗಿನವರೆಗೆ ಏರಿತು. ದುಗ್ಗಮ್ಮ ಉಸಿರು ಹಿಡಿದು, ಬೆರಳಿನಿಂದ ತಮ್ಮದೇ ಗದ್ದ ಮುಟ್ಟಿ ತೋರಿಸಿದರು. ಬೋಜಪ್ಪನವರು ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ತಲೆಯನ್ನು ಪೂರ್ತಿ ತಗ್ಗಿಸಿ ನುಂಗಿದರು. ಕೆಮ್ಮಲಿಲ್ಲ.

ಬೆಳ್ಯಪ್ಪನವರು ಬೈರಾಸು ಇಳಿಸಿದರು. ಈ ಮನುಷ್ಯ ಬಾಯಿ ಬಿಡದೆ ತನ್ನೆದುರು ತಲೆ ಬಾಗಿಸುತ್ತಿದ್ದಾನೆ! ಎರಡನೆಯ ಗುಟುಕಿಗೆ ತಲೆ ಮತ್ತೆ ತಗ್ಗಿತು. "ಅಯ್ಯೋ, ಎಂತ ಮಾಡ್ತೀರಿ ಮಾರಾಯ್ರೆ!" ಎಂದರು ಬೆಳ್ಯಪ್ಪನವರು. ಬೋಜಪ್ಪನವರ ಬಾಯಲ್ಲಿ ನೀರಿತ್ತು. ಅವರು ಮಾತಾಡದೆ ಮೂರನೆಯ ಸಲ ಬಗ್ಗಿದರು. ತಡೆಯಲಾರದೆ ಬೆಳ್ಯಪ್ಪನವರೂ ಕೈಮುಗಿದು ಬಗ್ಗಿದರು. ನಾಲ್ಕನೆಯ ಗುಟುಕಿಗೆ ಇಬ್ಬರೂ ಒಟ್ಟಿಗೆ ಬಗ್ಗಿದರು. ಐದನೆಯದಕ್ಕೆ ಬೆಳ್ಯಪ್ಪನವರ ಕಣ್ಣು ಒದ್ದೆಯಾಗಿತ್ತು.

"ಸಾಕು, ಸಾಕು! ಒಂದು ಅಂಗಿಗೆ ಎಷ್ಟು ಸಲ ತಲೆ ತಗ್ಗಿಸುದು? ತಪ್ಪು ನಂದೂ ಉಂಟು. ಮನುಷ್ಯ ಉಸಿರು ಕಟ್ಟಿ ಕೆಮ್ಮುವಾಗ ಬೆನ್ನು ನೀವುದು ಬಿಟ್ಟು ನಾನು ನನ್ನ ಪಂಚೆ ನೋಡ್ತಾ ಕೂತಿದ್ದೆ. ಮದುವೆಯ ದಿನ ಇವತ್ತೇ ನಿಶ್ಚಯ ಮಾಡುವ."

"ಅದು ಹಾಗಲ್ಲ ಅಣ್ಣ, ಪುತ್ತೂರಿನ ಡಾಕ್ಟ್ರು..." ಎಂದು ದುಗ್ಗಮ್ಮ ಬಾಯಿ ತೆರೆದರು. ಬೋಜಪ್ಪನವರು ಕೈಯೆತ್ತಿ ತಡೆದರು. ಲೋಟವನ್ನು ಕೆಳಗಿಟ್ಟು ಬೆಳ್ಯಪ್ಪನವರನ್ನು ಒಂದು ಕ್ಷಣ ನೋಡಿದರು. ಮತ್ತೆ, ಗದ್ದ ಎದೆಗೆ ತಾಗುವಷ್ಟು ತಲೆ ತಗ್ಗಿಸಿದರು.

ದುಗ್ಗಮ್ಮ ಬಗ್ಗಿ ನೋಡಿದರು. ಲೋಟ ಆಗಲೇ ಖಾಲಿಯಾಗಿತ್ತು.