ತಪ್ಪುಕಾಣಿಕೆ

ಕೊನೆಯ ಪೆನಾಲ್ಟಿಗೆ ಅಭಿರಾಮ್ ಗೋಲಿನಲ್ಲಿ ಕೈ ಅಗಲಿಸಿ ನಿಂತಾಗ ಸಿಂಥಿಯಾ ಅಭ್ಯಾಸದಂತೆ ಜಪಮಾಲೆ ಹಿಡಿದು, “ದೇವರೇ, ಈ ಹುಡುಗನ ಕೈ ಜಾರಲಿ” ಎಂದು ಶುರು ಮಾಡಿ, ಬೆಚ್ಚಿ ನಿಲ್ಲಿಸಿದಳು. ಅವನು ಕಾಪು ತಂಡದಲ್ಲಿ, ಅವಳ ಮಗ ಜೋಯ್‌ಸ್ಟನ್ ಹೆಜಮಾಡಿ ತಂಡದಲ್ಲಿ ಎದುರಾಳಿಗಳಾಗಿದ್ದ ಆರು ವರ್ಷವೂ ಅವಳು ಬೇಡಿದ್ದು ಅದನ್ನೇ. ಈಗ ಎರಡೂ ಸೇರಿ ಒಂದೇ ಕ್ಲಬ್. ಕಾರ್ಕಳದವರ ಈ ಹೊಡೆತವನ್ನು ತಡೆದರೆ ಲೀಗಿನ ಮೊದಲ ದರ್ಜೆಗೆ ಏರುತ್ತಾರೆ.

ಪಕ್ಕದಲ್ಲಿ ಅಭಿರಾಮನ ತಾಯಿ ಸುಭಾಷಿಣಿ ಸೆರಗು ಕಚ್ಚಿ ಕುಳಿತಿದ್ದಳು. ಸಿಂಥಿಯಾಗೆ ತಡೆಯಲಾಗಲಿಲ್ಲ. “ಸುಭಾಷಿಣಿಯಕ್ಕ, ಮೊದಲೆಲ್ಲ ನಿಮ್ಮ ಮಗನ ಕೈ ಜಾರಲಿ ಅಂತ ಬೇಡ್ತಿದ್ದೆ. ಈಗಲೂ ಬಾಯಿಗೆ ಅದೇ ಬಂತು.”

ಸುಭಾಷಿಣಿ ಮೈದಾನದಿಂದ ಕಣ್ಣು ತೆಗೆಯಲಿಲ್ಲ. “ಅದಕ್ಕೆಂತ ಮಾರಾಯ್ರೆ. ಜೋಯ್‌ಸ್ಟನ್‌ನ ಕಾಲು ತಪ್ಪಲಿ ಅಂತ ನಾನು ಹರಕೆ ಹೇಳಿದ್ದುಂಟು. ಕ್ಲಬ್ ಒಂದಾದ ದಿನವೇ ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ. ನೀವೂ ಬೇಗ ಸರಿ ಮಾಡಿ, ಕಾರ್ಕಳದವ ಹೊಡೀಲಿಕ್ಕೆ ಓಡಿ ಬರ್ತಾ ಇದ್ದಾನೆ.”

ಸಿಂಥಿಯಾ ಜಪಮಾಲೆಯನ್ನು ಇಬ್ಬರ ಬೆರಳಿಗೂ ಸುತ್ತಿ ಬಿಗಿಯಾಗಿ ಹಿಡಿದಳು. ಅಭಿರಾಮ್ ಎಡಕ್ಕೆ ಹಾರಿದ. ಚೆಂಡು ಎರಡೂ ಅಂಗೈಗೆ ಬಡಿದು ಅಲ್ಲೇ ಅಂಟಿಕೊಂಡಿತು. ಎಲ್ಲರಿಗಿಂತ ಮೊದಲು ಓಡಿ ಅವನನ್ನು ಹೆಗಲಿಗೇರಿಸಿದವನು ಜೋಯ್‌ಸ್ಟನ್.

“ನೋಡಿ, ನಮ್ಮ ಹುಡುಗನ ಕೈ ಎಂಥದ್ದು,” ಎಂದು ಸಿಂಥಿಯಾ ಅವನ ತಾಯಿಗೇ ಹೇಳಿದಳು.